ನಮ್ಮ ಮನೆಯವರ ಹೆಸರು ಬರೆದ ಮಧ್ಯಾಹ್ನ

ಮೂವತ್ತೊಂದು ವರ್ಷ ಸಂಸಾರ ಮಾಡಿದ್ದೀನಿ, ನಮ್ಮ ಮನೆಯವರ ಹೆಸರನ್ನು ಒಂದು ಸಲವೂ ಬಾಯಲ್ಲಿ ಆಡಿಲ್ಲ. ಮದುವೆಯಾಗಿ ಬಂದ ದಿನ ಹೊಸಿಲ ಮುಂದೆ ನಿಲ್ಲಿಸಿ ಗಂಡನ ಹೆಸರು ಹೇಳಿಸ್ತಾರಲ್ಲ, ಅವತ್ತೂ ಬಾಯಿ ಬಿಡಲಿಲ್ಲ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತೇ ನಿಂತರು. ಕೊನೆಗೆ ನಮ್ಮತ್ತೆಗೇ ಸಾಕಾಗಿ, 'ಬುಡ್ರೇ ಅತ್ಲಾಗೆ, ಮುದ್ದೆ ಆರ್ತೈತೆ' ಅಂತ ಒಳಗೆ ಕರಕೊಂಡರು. ಮಧುಗಿರಿಯ ಆಸ್ಪತ್ರೆಯಲ್ಲಿ ಚೀಟಿ ಬರೆಯೋ ಹುಡುಗಿ 'ಯಜಮಾನ್ರ ಹೆಸರು?' ಅಂತ ಕೇಳಿದರೆ ಸುಮ್ಮನೆ ಕಾರ್ಡು ಮುಂದೆ ತಳ್ತೀನಿ. ಒಂದ್ಸಲ ಅವಳು, 'ಯಾಕಮ್ಮಾ, ಬಾಯಿಲ್ವಾ?' ಅಂದಳು. 'ಐತೆ ಕಣಮ್ಮ, ಅದುನ್ನ ಕಾಪಾಡ್ಕಳಾಕೇ ಕಾರ್ಡು ತಂದಿರಾದು' ಅಂದೆ.

ನಾನು ಪಾವಗಡದ ಕಡೆಯವಳು. ನಮ್ಮಪ್ಪ ಕುರಿ ಸಾಕಿದವರು. ನಮ್ಮವ್ವ ಬೈಯೋದು ಕನ್ನಡದಲ್ಲಿ, ಬುದ್ಧಿ ಹೇಳೋದು ತೆಲುಗಿನಲ್ಲಿ. 'ಮೊಗುಡಿ ಪೇರು ಚೆಪ್ಪಕೂಡದು' ಅಂತ ಹೇಳಿಯೇ ನನ್ನನ್ನು ಮಿಡಿಗೇಶಿಯ ಈ ಪಕ್ಕದ ಊರಿಗೆ ಕಳಿಸಿದಳು. ಗಂಡನ ಹೆಸರು ಹೇಳಬಾರದು, ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತೆ ಅಂತ. ಇದನ್ನೆಲ್ಲ ನಂಬ್ತೀಯಾ ಅಂತ ನನ್ನ ಮಗಳು ನಗ್ತಾಳೆ. ನಂಬಲ್ಲ. ಆದರೆ ಪರೀಕ್ಷೆ ಮಾಡಿ ನೋಡೋಕೆ ನನಗಿರೋದು ಒಬ್ಬನೇ ಗಂಡ.

ಇಂಥವಳು ಎರಡು ವರ್ಷ ಅದೇ ಹೆಸರಿನೊಳಗೆ ಕೂತು ಊರಿಗೆಲ್ಲ ಕನ್ನಡ ಹೇಳಿಕೊಟ್ಟೆ.

ನಮ್ಮ ಮನೆಯವರು ಶಿರಾ ತಾಲೂಕಿನಲ್ಲಿ ಕನ್ನಡ ಮೇಷ್ಟರಾಗಿದ್ದವರು. ನಿವೃತ್ತಿಯಾದ ಮೇಲೆ ಹೊತ್ತು ಹೋಗಲಿ ಅಂತ ಮಗಳು ಅವರ ಫೋನಿನಲ್ಲಿ ಒಂದು ಕಟ್ಟೆಗೆ ಸೇರಿಸಿದಳು. ಕಟ್ಟೆ ಅಂದರೆ ಅರಳಿಕಟ್ಟೆಯಲ್ಲ, ಇಂಟರ್ನೆಟ್ಟಿನಲ್ಲಿ ಕನ್ನಡದ ಬಗ್ಗೆ ಕೇಳೋರು, ಹೇಳೋರು ಸೇರೋ ಜಾಗ. ಅಲ್ಲಿ ಇವರ ಪೂರ್ತಿ ಹೆಸರು, ಪಕ್ಕದಲ್ಲಿ ಎಂ.ಎ., ಕನ್ನಡಕ ಹಾಕಿದ ಫೋಟೋ, ಕೆಳಗೆ 'ನಿವೃತ್ತ ಶಿಕ್ಷಕರು' ಅಂತ ಒಂದು ಸಾಲು. ಇವರು ಮೂರೋ ನಾಕೋ ಉತ್ತರ ಬರೆದರು. ಯಾರೋ ವಾದಕ್ಕೆ ಬಂದ. 'ಈ ವಯಸ್ಸಲ್ಲಿ ನಂಗೆ ಪರೀಕ್ಷೆ ಬರಿಯೋ ಗ್ರಾಚಾರ ಬ್ಯಾಡ' ಅಂತ ಫೋನನ್ನು ಜಗಲಿ ಮೇಲೆ ಎಸೆದು ತೋಟದ ಕಡೆ ಹೋದರು. ನಾನು ಅಲ್ಲೇ ಕೂತು ಕಡ್ಲೆಕಾಯಿ ಸುಲೀತಿದ್ದೆ.

ಫೋನು ಟಿಣ್ ಅಂತು. ನೋಡಿದೆ. ಹಟ್ಟಿಗೂ ರೊಪ್ಪಕ್ಕೂ ಏನು ವ್ಯತ್ಯಾಸ ಅಂತ ಯಾರೋ ಕೇಳಿದ್ದರು. ಉತ್ತರ ಬರೆದವರೆಲ್ಲ ಎಲ್ಲೆಲ್ಲಿಗೋ ಹೋಗಿದ್ದರು, ಸಂಸ್ಕೃತ ಅಂತೆ, ಶಾಸನ ಅಂತೆ. ನನಗೆ ತಡೆಯಲಿಲ್ಲ. ಕಡ್ಲೆಕಾಯಿ ಧೂಳಿನ ಬೆರಳಲ್ಲೇ ಬರೆದೆ: ಹಟ್ಟಿಯಲ್ಲಿ ಜನ ಇರ್ತಾರೆ, ರೊಪ್ಪದಲ್ಲಿ ಕುರಿ ಇರ್ತವೆ, ರೊಪ್ಪಕ್ಕೆ ಸುತ್ತಲೂ ಮುಳ್ಳು ಕಟ್ಟಿರ್ತೀವಿ, ತೋಳ ಬರಬಾರದು ಅಂತ. ಅಷ್ಟೇ. ಒಂದು ಗಳಿಗೆಗೆ 'ಧನ್ಯವಾದಗಳು ಗುರುಗಳೇ' ಅಂತ ಸಾಲುಸಾಲಾಗಿ ಬಂತು. ಜೀವಮಾನದಲ್ಲಿ ನನಗೆ ಯಾರೂ ಗುರುಗಳೇ ಅಂದಿರಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದರು ನನ್ನನ್ನು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಅಲ್ಲಿಂದ ಅದು ಅಭ್ಯಾಸವಾಯಿತು. ಆ ಕಟ್ಟೆಯಲ್ಲಿ ಮೂರು ಪಟ್ಟ. ಸೇರಿದಾಗ 'ಹೊಸಬರು', ಆಮೇಲೆ 'ಬಲ್ಲವರು', ಕೊನೆಗೆ 'ಹಿರಿಯರು'. ಹಿರಿಯರಾದರೆ ಹೆಸರಿನ ಪಕ್ಕ ಚಿನ್ನದ ಬಣ್ಣದ ನಕ್ಷತ್ರ. ನಾನು ಬರೀತಾ ಹೋದೆ, ಇವರು ಮೇಲೇರ್ತಾ ಹೋದರು. ಇವರಿಗೆ ಗೊತ್ತಿರಲಿಲ್ಲ ಅಂತಲ್ಲ. 'ನಿನ್ನ ಕುರಿ ಮಾತೆಲ್ಲಾ ನನ್ನ ತಲೆಗೆ ಕಟ್ತಿದ್ದೀಯಲ್ಲೇ' ಅಂತ ಗೊಣಗೋರು. ಆದರೆ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಗುರುತು ಹಿಡಿದು ಕೈ ಮುಗಿದ ದಿನ ಮೂರು ಮುದ್ದೆ ಉಂಡರು.

ಹೋದ ವರ್ಷ ಮಗಳು ತನ್ನ ಹಳೇ ಫೋನು ನನಗೆ ಕೊಟ್ಟು, 'ಅಮ್ಮಾ, ನಿನ್ನ ಹೆಸರಲ್ಲೇ ಬರಿ' ಅಂದಳು. ನನ್ನ ಹೆಸರು ಯಾರಿಗೆ ಗೊತ್ತು? ಈ ಊರಿಗೆ ಕಾಲಿಟ್ಟಾಗಿಂದ ನಾನು ಪಾವಗಡದೋಳು. ಸೊಸೆಯಾಗಿ ಬಂದವರನ್ನೆಲ್ಲ ಇಲ್ಲಿ ತವರೂರಿನ ಹೆಸರಲ್ಲೇ ಕರೆಯೋದು. ಅದನ್ನೇ ಹಾಕು ಅಂದೆ. ಪಾವಗಡದೋಳು. ಫೋಟೋ ಇಲ್ಲ. ಪಟ್ಟ: ಹೊಸಬರು.

ಅಯ್ಯೋ, ಆ ಮರ್ಯಾದೆ ಏನು ಹೇಳಲಿ! ಇವರ ಹೆಸರಲ್ಲಿ ಬರೆದಿದ್ದ ಮಾತನ್ನೇ ಒಂದಕ್ಷರ ಬದಲಿಸದೆ ನನ್ನ ಹೆಸರಲ್ಲಿ ಬರೆದೆ. 'ಆಧಾರ?' ಅಂತ ಕೇಳಿದರು. ಹೆಸರಿನ ಹಿಂದೆ ಸಿಂಹ ಅಂತ ಅಂಟಿಸಿಕೊಂಡಿದ್ದ ಒಬ್ಬ, ತಾಯೀ, ನಿಮ್ಮದು ಆಂಧ್ರದ ಗಡಿ, ನಿಮ್ಮ ಕನ್ನಡದಲ್ಲಿ ತೆಲುಗು ಬೆರೆತಿದೆ, ಈ ವಿಷಯದಲ್ಲಿ ನಮ್ಮ ಹಿರಿಯರೊಬ್ಬರು ಚೆನ್ನಾಗಿ ಬರೆದಿದ್ದಾರೆ, ಅವರನ್ನು ಓದಿ ಕಲಿಯಿರಿ ಅಂತ ಇವರ ಉತ್ತರದ ಕೊಂಡಿ ಕೊಟ್ಟ. ನನ್ನಿಂದಲೇ ನಾನು ಕಲಿಯಬೇಕಂತೆ! ಒಲೆ ಮುಂದೆ ಕೂತು ಒಬ್ಬಳೇ ನಕ್ಕೆ. ನಕ್ಕ ಮೇಲೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಇವರ ಫೋನೇ ಕೈಗೆ ತಗೊಂಡೆ. ನೆರಳು ರೂಢಿಯಾದವಳಿಗೆ ಬಿಸಿಲಿಗೆ ಬರೋಕೆ ಸೋಮಾರಿತನ.

ಆ ಸೋಮಾರಿತನಕ್ಕೆ ಸರಿಯಾಗೇ ಆಯಿತು.

ಒಂದು ಶುಕ್ರವಾರ ಸಾಯಂಕಾಲ, ಎಸರು ಕುದೀತಿತ್ತು, ಒಂದು ಕೈಯಲ್ಲಿ ಹಿಟ್ಟಿನ ಕೋಲು, ಇನ್ನೊಂದು ಕೈಯಲ್ಲಿ ಇವರ ಫೋನು. ಒಬ್ಬ ಹುಡುಗಿ ಕೇಳಿದ್ದಳು. ಅವಳು ಬಿಹಾರದವಳು, ಕೊರಟಗೆರೆ ತಾಲೂಕಿನ ಒಂದು ಹಳ್ಳಿಯ ಬ್ಯಾಂಕಿಗೆ ಬಂದಿದ್ದಾಳೆ, ಕನ್ನಡ ಕಲೀತಿದ್ದಾಳೆ. ಪ್ರಶ್ನೆಯ ಮೊದಲೆರಡು ಸಾಲು ಕಂಡವು: 'ಈ ಕಡೆಯವರ ಮನೆಯಿಂದ ಹೊರಡುವಾಗ ಹೋಗುತ್ತೇನೆ ಎಂದು ಹೇಳಬಾರದು, ಹೋಗಿ ಬರುತ್ತೇನೆ ಎನ್ನಬೇಕು ಎಂದು ಒಬ್ಬ ಅಕ್ಕ ಕಲಿಸಿದ್ದಾರೆ. ಯಾವಾಗಲೂ ಹಾಗೆಯೇ ಹೇಳಬೇಕೇ?' ಅದರ ಕೆಳಗೆ 'ಇನ್ನಷ್ಟು ಓದಿ' ಅಂತ ಸಣ್ಣಕ್ಷರ. ಓದಲಿಲ್ಲ. ಹಿಟ್ಟು ಗಂಟಾಗ್ತಿತ್ತು. ಗಡಿಬಿಡಿಯಲ್ಲಿ ಬರೆದೆ: 'ಯಾವಾಗಲೂ ಹೋಗಿ ಬರ್ತೀನಿ ಅಂತಲೇ ಹೇಳಬೇಕು. ಹೇಳದೆ ಸುಮ್ಮನೆ ಎದ್ದು ಹೋದರೆ ನಮ್ಮ ಕಡೆ ಅವಮಾನ ಮಾಡಿದ ಹಾಗೆ.' ಕಳಿಸಿ ಮುದ್ದೆ ತಿರುವಿದೆ.

ಮಾರನೇ ದಿನ ಬೆಳಗ್ಗೆ ಇವರು ಹಳೇ ಶಿಷ್ಯರು ಕರೆದಿದ್ದಾರೆ ಅಂತ ಬಿಳಿ ಅಂಗಿ ತೊಟ್ಟು ಪಟ್ಟನಾಯಕನಹಳ್ಳಿಗೆ ಬಸ್ಸು ಹತ್ತಿದರು. ಫೋನು ಜೇಬಿನಲ್ಲಿ ಹೋಯಿತು. ಹನ್ನೊಂದರ ಹೊತ್ತಿಗೆ ಕೆಲಸ ಮುಗಿಸಿ ನನ್ನ ಫೋನಿನಲ್ಲಿ ಕಟ್ಟೆ ತೆಗೆದೆ, ನಿನ್ನೆಯ ಉತ್ತರಕ್ಕೆ ಯಾರು ಏನಂದರೋ ಅಂತ. ತುಂಬಾ ಜನ ಮೆಚ್ಚಿದ್ದರು. ಇನ್ನೂ ಎಂಟ್ಹತ್ತು ಜನ 'ಹಿರಿಯರು ಹೇಳಿದ್ದೇ ಸರಿ' ಅಂತ ತಾವೂ ಬರೆದಿದ್ದರು. ಆಗ ಪ್ರಶ್ನೆಯನ್ನು ಪೂರ್ತಿ ಓದಿದೆ.

'ಆ ಅಕ್ಕ ನಮ್ಮ ಬ್ಯಾಂಕಿನಲ್ಲಿ ಕಸ ಗುಡಿಸುವವರು. ನನಗೆ ಕನ್ನಡ ಕಲಿಸಿದವರು, ದಿನವೂ ತಮ್ಮ ಬುತ್ತಿಯಲ್ಲಿ ಪಾಲು ಕೊಟ್ಟವರು. ಅವರ ಮನೆಯಲ್ಲಿ ಸಾವು ಆಗಿದೆ. ನಾಳೆ ಎರಡು ಗಂಟೆಗೆ ಹೋಗುತ್ತೇನೆ. ಅಲ್ಲಿಂದ ಹೊರಡುವಾಗಲೂ ಅದನ್ನೇ ಹೇಳಬೇಕೇ? ತಪ್ಪು ಮಾಡಲು ಭಯವಾಗುತ್ತದೆ.'

ನಿಂತಲ್ಲೇ ಇನ್ನೊಂದು ಸಲ ಓದಿದೆ.

ಸಾವಿನ ಮನೆಯಿಂದ ಯಾರಾದರೂ ಹೇಳಿ ಹೊರಡ್ತಾರಾ? ಕೂತಷ್ಟು ಹೊತ್ತು ಕೂತು, ಅತ್ತು, ಸದ್ದಿಲ್ಲದೆ ಎದ್ದು ಬರಬೇಕು. ಬರ್ತೀನಿ ಅನ್ನೋ ಹಾಗಿಲ್ಲ. ಇಂಥದಕ್ಕೇ ಇನ್ನೊಂದು ಸಲ ನಿಮ್ಮ ಮನೆಗೆ ಬರ್ತೀನಿ ಅಂದ ಹಾಗಾಗುತ್ತೆ. ನಮ್ಮ ಮಾವ ತೀರಿಕೊಂಡಾಗ ಗೌಡಗೆರೆಯಿಂದ ಬಂದಿದ್ದ ಒಬ್ಬರು ಬಾಯಿ ತಪ್ಪಿ ಹೋಗ್ಬತ್ತೀನಿ ಅಂದುಬಿಟ್ಟರು. ನಮ್ಮತ್ತೆ ಸಾಯೋ ತನಕ ಆ ಮಾತನ್ನು ಮರೀಲಿಲ್ಲ. ಇನ್ನು ಈ ಹುಡುಗಿ, ಅನ್ನ ಹಾಕಿದವಳ ಮನೆ ಬಾಗಿಲಲ್ಲಿ, ಊರವರೆಲ್ಲ ಕೂತಿರುವಾಗ, ಅವಳೇ ಕಲಿಸಿದ ಮಾತನ್ನು ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳ್ತಾಳೆ. ನಾನು ಹೇಳು ಅಂದಿದ್ದೀನಲ್ಲ.

ಇವರಿಗೆ ಫೋನು ಮಾಡಿದೆ. ಬಡಕೊಂಡು ಬಡಕೊಂಡು ನಿಂತಿತು. ಸಭೆ ಅಂದರೆ ಇವರು ಫೋನಿನ ಸದ್ದು ತೆಗೆದುಬಿಡ್ತಾರೆ, ಮೇಷ್ಟರ ಶಿಸ್ತು. ಆರು ಸಲ ಮಾಡಿದೆ. ಇವರ ಫೋನಿಲ್ಲದೆ ಆ ಉತ್ತರ ಅಳಿಸೋಕೆ ಆಗಲ್ಲ. ಹುಡುಗಿ ಯಾವ ಊರು ಅಂತಲೂ ಬರೆದಿಲ್ಲ, ಬಸ್ಸು ಹತ್ತಿ ಹೋಗಿ ತಡೆಯೋಣ ಅಂದರೆ ಕೊರಟಗೆರೆ ತಾಲೂಕೇನು ನಮ್ಮ ಹಿತ್ತಲಾ?

ಉಳಿದದ್ದು ಪಾವಗಡದೋಳು. ಬರೆದೆ, ಬಾಯಿಗೆ ಬಂದ ಹಾಗೇ ಬರೆದೆ: 'ಮಗಾ, ತೀರ್ಕಂಡೋರು ಯಾರವ್ವ? ನಿಂಗೆ ಬುತ್ತಿ ಕೊಟ್ಟ ಆ ತಾಯಿ ಹೆಂಗವ್ಳೆ? ನೀನು ಹೋಗು, ಅವಳ ಪಕ್ಕ ಕೂತ್ಕೋ. ಹೊರಡೋವಾಗ ಏನೂ ಅನ್ಬ್ಯಾಡ. ಸುಮ್ಕೆ ಎದ್ದು ಬಂದ್ಬುಡು, ತಿರುಗಿ ನೋಡ್ಬ್ಯಾಡ. ಮೇಲೆ ಬರ್ದಿರಾದು ತಪ್ಪು.'

ಹೊಸಬರು ಹಿರಿಯರನ್ನು ತಪ್ಪು ಅಂದರೆ ಆ ಕಟ್ಟೆಯಲ್ಲಿ ಏನಾಗುತ್ತೆ ಅಂತ ಅವತ್ತು ಗೊತ್ತಾಯಿತು. ನನ್ನ ಉತ್ತರ ಬೂದು ಬಣ್ಣಕ್ಕೆ ತಿರುಗಿ ಎಲ್ಲರ ಕೆಳಗೆ ಹೋಗಿ ಮಡಚಿಕೊಂಡಿತು, ಮೇಲೆ 'ಖಚಿತವಾಗದ ಉತ್ತರ' ಅಂತ ಒಂದು ಪಟ್ಟಿ. ಬೇಕಾದವರು ಒತ್ತಿ ತೆಗೆದು ಓದಬೇಕು. ಸಿಂಹ ಬಂದ: 'ಇದು ನಿಮ್ಮ ತೆಲುಗರ ಪದ್ಧತಿ ಇರಬಹುದು ತಾಯೀ.' ಥೂ, ನಿನ್ನ ಸಿಂಹಕ್ಕಿಷ್ಟು! ಸಾವಿಗೂ ತೆಲುಗು ಕನ್ನಡ ಅಂತ ಇದೆಯಾ? ಇವನ ಮನೇಲಿ ಯಾರೂ ಸತ್ತೇ ಇಲ್ವಾ? ಅಲ್ಲಿ ಉತ್ತರ ಬರೆದ ಅಷ್ಟೂ ಜನಕ್ಕೆ ಇದು ಗೊತ್ತಿರಲೇಬೇಕು. ನಕ್ಷತ್ರ ನೋಡಿದರು, ಪ್ರಶ್ನೆ ನೋಡಲಿಲ್ಲ. ನಾನೂ ನೋಡಿರಲಿಲ್ಲವಲ್ಲ, ಬೈಯೋಕೆ ನನಗೇನು ಹಕ್ಕು?

ಅಡ್ಮಿನ್‌ಗೆ ಬರೆದೆ. ಅವರು ಮರ್ಯಾದಸ್ಥರೇ. ಉತ್ತರವೂ ಮರ್ಯಾದೆಯಾಗಿಯೇ ಬಂತು: 'ಆಧಾರ ಒದಗಿಸಿ. ಇಲ್ಲವೇ ಆ ಹಿರಿಯರನ್ನೇ ಹೆಸರಿಸಿ ಕರೆಯಿರಿ. ಅವರು ಒಪ್ಪಿದರೆ ಬದಲಿಸುತ್ತೇವೆ.'

ಹೆಸರಿಸಿ ಕರೆಯಬೇಕಂತೆ!

ಗಡಿಯಾರ ಒಂದು ಹೊಡೀತು. ಆ ಕಟ್ಟೆಯಲ್ಲಿ ಒಂದು ಗುರುತು ಹಾಕಿ ಹೆಸರು ಬರೆದರೆ ಮಾತು ಎಲ್ಲರಿಗೂ ಮೇಲೆ ಕಾಣುತ್ತೆ. ಪ್ರಶ್ನೆ ಕೇಳಿದವರ ಫೋನೂ ಟಿಣ್ ಅನ್ನುತ್ತೆ. ಅದೊಂದೇ ದಾರಿ. ಹೆಸರು ಬರೆದು, 'ಈ ಹಿರಿಯರ ಹೆಂಡತಿ ನಾನು, ಆ ಉತ್ತರ ಬರೆದವಳೂ ನಾನೇ, ಅದು ತಪ್ಪು' ಅಂತ ಹೇಳಬೇಕು. ಎರಡು ವರ್ಷದ ಗುಟ್ಟು ರಟ್ಟಾಗುತ್ತೆ, ಆಗಲಿ. ಇವರ ಮರ್ಯಾದೆಯೂ ಹೋಗುತ್ತೆ, ಅದಕ್ಕೆ ಬೈಸಿಕೊಳ್ತೀನಿ. ಆದರೆ ಹೆಸರು? ಅದೂ ಯಾವತ್ತು, ಇವರು ಶಿರಾ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗಿರೋ ದಿನ! ಆರು ಸಲ ಫೋನು ಎತ್ತದೆ ಇರೋ ದಿನ!

ಜಗಲಿಯಿಂದ ಒಳಗೆ ಬಂದೆ, ಒಳಗಿಂದ ಜಗಲಿಗೆ ಹೋದೆ. ಬರೆಯೋದು ಆಡಿದ ಹಾಗಲ್ಲ ಅಂತ ನನಗೆ ನಾನೇ ಲಾಯರಿ ಮಾಡಿಕೊಂಡೆ. ಮೊದಲೆರಡು ಅಕ್ಷರ ಒತ್ತಿದರೆ ಉಳಿದದ್ದನ್ನು ಫೋನೇ ತುಂಬುತ್ತೆ ಅಂತ ಮಗಳು ಹೇಳಿದ್ದಳು. ಹಂಗಾದರೆ ಹೆಸರು ಹಿಡಿದದ್ದು ಫೋನು, ನಾನಲ್ಲ. ಎರಡಕ್ಷರ ಒತ್ತಿದೆ. ಫೋನು ಎಂಟು ಗಂಡಸರ ಹೆಸರು ತೋರಿಸಿತು, ಒಂದೂ ನನ್ನ ಗಂಡನದಲ್ಲ. ಇನ್ನೊಂದು ಅಕ್ಷರ ಒತ್ತಿದೆ. ಆಗಲೂ ಬೇರೆಯವರೇ. ಕೊನೆಗೆ ತಾಳಿಯನ್ನು ಎಡಗೈಯಲ್ಲಿ ಹಿಡಕೊಂಡು, ಕೊನೆಯ ಅಕ್ಷರದವರೆಗೂ, ಇನಿಷಿಯಲ್ಲೂ ಸೇರಿಸಿ, ನನ್ನ ಬೆರಳಿಂದಲೇ ಒತ್ತಿದೆ. ಮೂವತ್ತೊಂದು ವರ್ಷಕ್ಕೆ ಮೊದಲ ಸಲ. ಉಳಿದದ್ದನ್ನು ಬರೆದು ಕಳಿಸಿದಾಗ ಒಂದೂವರೆ.

ಸಿಂಹ ತಕ್ಷಣ ಎಗರಿದ: ಇದು ವಂಚನೆ, ಇಬ್ಬರನ್ನೂ ಕಟ್ಟೆಯಿಂದ ತೆಗೀಬೇಕು ಅಂತ. ತೆಗೀಲಿ. ಅಡ್ಮಿನ್ 'ಪರಿಶೀಲಿಸುತ್ತೇವೆ' ಅಂದರು. ಹುಡುಗಿಯದು ಸದ್ದೇ ಇಲ್ಲ. ಎರಡಾಯಿತು. ಎರಡೂಕಾಲು ಆಯಿತು. ಈಗ ಒಳಗೆ ಹೋಗಿರ್ತಾಳೆ, ಈಗ ಕೂತಿರ್ತಾಳೆ, ಈಗ ಎದ್ದಿರ್ತಾಳೆ ಅಂತ ನಾನು ಇಲ್ಲಿ ಕೂತು ಲೆಕ್ಕ ಹಾಕ್ತಿದ್ದೆ. ಅನ್ನ ಸೇರಲಿಲ್ಲ.

ಎರಡೂ ಮುಕ್ಕಾಲಿಗೆ ಫೋನು ಬಡೀತು. ಇವರದೇ.

'ಏನೇ? ಯಾಕೆ ಇಷ್ಟು ಸಲ ಮಾಡಿದ್ದೀಯ? ಯಾರಿಗೇನಾಯ್ತೇ?'

'ನೀವು ಬದುಕಿದ್ದೀರಲ್ಲ!' ಅಂದುಬಿಟ್ಟೆ.

'ಬದುಕದೆ ಏನೇ? ಹೋಳಿಗೆ ಊಟ ಆಯ್ತು.'

ನನಗೆ ಅಳು ಒತ್ತಿಕೊಂಡು ಬಂತು. ಅಳ್ತಾನೇ ಎಲ್ಲ ಹೇಳಿದೆ, ಹಿಟ್ಟಿನ ಕೋಲಿನಿಂದ ಹಿಡಿದು. ಹೆಸರು ಬರೆದ ವಿಷಯ ಮಾತ್ರ ನುಂಗಿಕೊಂಡೆ. ಇವರು ಬೈಯಲಿಲ್ಲ. 'ಎಲ್ಲಿ ಒತ್ತಬೇಕು ಹೇಳು' ಅಂದರು. ನಾನು ಹೇಳಿದ ಹಾಗೆ ಒಂದೊಂದೇ ಒತ್ತಿ, ಆ ಉತ್ತರ ಅಳಿಸಿ, ಅದರ ಜಾಗದಲ್ಲಿ ಹೀಗೆ ಬರೆದರು: 'ಈ ಹೆಸರಿನಲ್ಲಿ ಎರಡು ವರ್ಷದಿಂದ ಬರೆದವಳು ನನ್ನ ಹೆಂಡತಿ. ಮೊದಲ ನಾಲ್ಕು ಉತ್ತರ ಮಾತ್ರ ನನ್ನವು. ಕೆಳಗೆ ಅವಳು ಹೇಳಿರುವುದೇ ಸರಿ.' ಓದಿ ನನಗೆ ಇನ್ನಷ್ಟು ಅಳು.

ಹುಡುಗಿಯ ಮಾತು ಬಂದದ್ದು ಐದು ಗಂಟೆಗೆ. ನಾನು ಅದನ್ನು ಓದೋ ಮೊದಲು ಫೋನನ್ನು ಸ್ವಲ್ಪ ಹೊತ್ತು ಮಡಿಲಲ್ಲಿ ಮಗುಚಿ ಇಟ್ಟುಕೊಂಡಿದ್ದೆ. ಧೈರ್ಯ ಬರಲಿಲ್ಲ.

'ಅಮ್ಮ, ನಾನು ಏನೂ ಹೇಳಲಿಲ್ಲ. ತೀರಿಕೊಂಡವರು ಅಕ್ಕನ ಗಂಡ. ಹನ್ನೆರಡು ಗಂಟೆಗೆ ಬಸ್ಸಿನಲ್ಲಿ ಕುಳಿತು ಎಲ್ಲರ ಉತ್ತರ ಓದಿದೆ, ಮುಚ್ಚಿದ್ದ ಉತ್ತರವನ್ನೂ ತೆಗೆದು ಓದಿದೆ. ಎಲ್ಲರೂ ಯಾವ ಮಾತು ಸರಿ ಎಂದು ಬರೆದಿದ್ದರು. ತೀರಿಕೊಂಡವರು ಯಾರು ಎಂದು ನೀವು ಮಾತ್ರ ಕೇಳಿದಿರಿ. ಆದ್ದರಿಂದ ನಿಮ್ಮ ಮಾತು ಕೇಳಿದೆ. ಆಮೇಲೆ ಅಲ್ಲಿ ಫೋನು ನೋಡಲಿಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡೇ ಇದ್ದರು. ಅವರಾಗಿ ಬಿಟ್ಟಾಗ ಎದ್ದು ಬಂದೆ. ತಿರುಗಿ ನೋಡಲಿಲ್ಲ.'

ಸದ್ಯ! ನನ್ನ ತಾಯಿ, ಸದ್ಯ! ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತೆ. ಬೆಳಗ್ಗೆಯಿಂದ ಎದೆ ಮೇಲೆ ಕೂತಿದ್ದ ಬೀಸೋಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಾಯಿತು. ತಂಗಳು ಮುದ್ದೆ ಇತ್ತು, ಉಪ್ಪಿನಕಾಯಿ ಹಾಕಿಕೊಂಡು ಅಲ್ಲೇ ಕೂತು ತಿಂದೆ. ಅಷ್ಟು ರುಚಿಯಾದ ಊಟ ಈಚೆಗೆ ಉಂಡಿಲ್ಲ.

ಇವರು ದೀಪ ಹಚ್ಚೋ ಹೊತ್ತಿಗೆ ಬಂದರು. ಚಪ್ಪಲಿ ಬಿಡೋಕೂ ಮುಂಚೆ, 'ಎಲ್ಲಿ, ಏನೇನು ನಡದೈತೆ ನೋಡಾನ' ಅಂತ ಫೋನು ತೆಗೆದು ಮೇಲಿಂದ ಓದಿಕೊಂಡು ಬಂದರು. ಸಿಂಹನಿಗೆ ಎರಡು ಬೈದರು. ಒಂದು ಕಡೆ ಗಕ್ಕನೆ ನಿಂತರು.

'ಇದು... ನೀನೇ ಬರ್ದಿದ್ದಾ?'

'ಹೂಂ.'

'ಇನಿಷಿಯಲ್ಲೂ ಹಾಕಿದ್ದೀಯ.'

'ಹಾಕ್ದೆ ಹೋದ್ರೆ ಬೇರೆ ಯಾರದೋ ಗಂಡ ಬರ್ತಿದ್ದ.'

ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹುಡುಗಿಯ ಮಾತನ್ನು ಎರಡು ಸಲ ಓದಿದರು. 'ಅಲ್ಲಾ ಕಣೇ, ಆ ಮಗು ಹನ್ನೆರಡಕ್ಕೇ ನಿನ್ನ ಮಾತು ನಂಬೈತೆ. ಒಂದೂವರೆಗೆ ನೀನು ನನ್ನ ಹೆಸರು ಬರ್ದಿದ್ದು ದಂಡ ಆಯ್ತಲ್ಲೇ?'

ನಾನು ಅದನ್ನು ಯೋಚಿಸಿರಲೇ ಇಲ್ಲ. ನಿಜವೇ. ನಕ್ಷತ್ರವೂ ಬೇಕಿರಲಿಲ್ಲ, ಹೆಸರೂ ಬೇಕಿರಲಿಲ್ಲ. 'ಆಗ್ಲಿ ಬುಡಿ' ಅಂದೆ.

'ಬರ್ದಿದ್ದಾಯ್ತು, ಇನ್ನೇನು. ಬಾಯಲ್ಲೂ ಒಂದ್ಸಲ ಅನ್ನು, ಕೇಳಾನ.'

'ಯಾಕೆ, ಇವತ್ತು ಹೋಳಿಗೆ ಉಂಡಿದ್ದು ಸಾಲ್ದಾ? ಇನ್ನೂ ನಾಕು ದಿನ ಉಣ್ಣಾ ಆಸೆ ಇಲ್ವಾ?'

ಇವರು ನಕ್ಕರು. ನನಗೂ ನಗು ಬಂತು.

ಕಟ್ಟೆಯವರು ಇವರ ನಕ್ಷತ್ರ ಕಿತ್ತುಕೊಂಡರು. ನನಗೆ ಕೊಡ್ತೀವಿ ಅಂತ ಅಡ್ಮಿನ್ ಹೇಳಿದರು, ಬೇಡ ಅಂದೆ. ಈಗಲೂ ನಾನು ಅಲ್ಲಿ ಪಾವಗಡದೋಳು, ಹೊಸಬರು. ಆಧಾರ ಕೇಳ್ತಾರೆ, ನನಗೆ ತೋಚಿದ್ದು ಹೇಳ್ತೀನಿ. ಪ್ರಶ್ನೆಯನ್ನು ಮಾತ್ರ ಕೊನೇ ಸಾಲಿನವರೆಗೂ ಓದ್ತೀನಿ, ಮುದ್ದೆ ಗಂಟಾದರೂ ಆಗಲಿ.

ಇಷ್ಟು ಓದಿದ ಮೇಲೆ ಆ ಹೆಸರು ಏನು ಅಂತ ನಿಮಗೂ ಕುತೂಹಲ ಇರುತ್ತೆ. ಕೇಳಬೇಡಿ. ಅವತ್ತು ಬರೆದೆ, ಗಂಡನನ್ನು ಕಳಕೊಂಡವಳ ಬಾಗಿಲಲ್ಲಿ ಒಂದು ಮಗು ಆ ಮಾತು ಆಡದೆ ಇರಲಿ ಅಂತ. ಈಗ ನಮ್ಮ ಮನೆಯವರು ಜಗಲಿ ಮೇಲೆ ಕೂತು ಕಡ್ಲೆಕಾಯಿ ಸುಲೀತಾ ಇದ್ದಾರೆ. ಇನ್ನು ಬರೆಯಲ್ಲ.